ಕಂಪನಿ ಬಟ್ಟೆಯ ಕೌದಿ

ಮ್ಯಾನೇಜರ್ ಸಾಹೇಬರಿಗೆ ಎರಡು ಜೊತೆ ಬೂಟು. ಒಂದು ಕಂಪನಿಗೆ, ಒಂದು ಮನೆಗೆ. ಕಂಪನಿಯ ಬೂಟು ಕಾರು ಹತ್ತುವಂತಿಲ್ಲ. ಸಂಜೆ ಆಫೀಸಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಡ್ರೈವರು ಒಂದನ್ನು ಕಳಚಿ ಇನ್ನೊಂದನ್ನು ತೊಡಿಸುತ್ತಾನೆ. ಕಳಚಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಾಗಿಲ ಹೊರಗಿನ ಗೂಡಿನಲ್ಲಿ ಇಡುವವಳು ನಾನು. ಆಫೀಸು ಗುಡಿಸುವವಳು.

ಇದನ್ನು ನೋಡಿ ನಾವು ಬಹಳ ನಕ್ಕಿದ್ದೇವೆ. "ದೊಡ್ಡವರ ದೊಡ್ಡಸ್ತಿಕೆ ಕಣೇ," ಅನ್ನುತ್ತಿದ್ದಳು ನನ್ನ ಜೊತೆ ಗುಡಿಸುವವಳು. "ಕಾರಿಗೆ ಧೂಳು ತಾಗಿದ್ರೆ ಕಾರು ಅಳುತ್ತೆ ಅಂತ ಕಾಣುತ್ತೆ." ನಾನೂ ಬಾಯಿಗೆ ಬಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈಗ ಆ ನಗು ನೆನಪಾದರೆ ಮೈಯೆಲ್ಲ ಉರಿಯುತ್ತದೆ.

ನಮ್ಮದು ಹಳೆಯ ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸಿ, ಗಟ್ಟಿ ಎರಕ ಹೊಯ್ದು ಮಾರುವ ಕಂಪನಿ. ಲಾರಿಗಟ್ಟಲೆ ಸತ್ತ ಬ್ಯಾಟರಿ ಬಂದು ಬೀಳುತ್ತದೆ. ನನ್ನ ಗಂಡ ಭಟ್ಟಿಯ ಮುಂದೆ ನಿಲ್ಲುವವನು. ಕರಗಿದ ಸೀಸದ ಮೇಲೆ ಕೆನೆಗಟ್ಟುವ ಕಸವನ್ನು ಉದ್ದ ಹಿಡಿಯ ಸೌಟಿನಿಂದ ಬಳಿದು ತೆಗೆಯುವುದು ಅವನ ಕೆಲಸ. ಸೌಟು ಭಾರ, ಶಾಖ ಮುಖ ಸುಡುವಂಥದ್ದು, ಮೂಗಿಗೆ ಒಂದು ಚಿಂದಿ ಬಟ್ಟೆ. ಈಚೆಗೆ ಅವನ ಮಣಿಕಟ್ಟು ಸೋಲುತ್ತಿದೆ. ತುಂಬಿದ ಕೊಡ ಎತ್ತಿದರೆ ಕೈ ಬಾಗಿಬಿಡುತ್ತದೆ. ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗುತ್ತಾನೆ. ಕೇಳಿದರೆ, "ದುಡಿಯೋ ಮೈಗೆ ಇದೆಲ್ಲ ಇದ್ದದ್ದೇ ಬಿಡು," ಅನ್ನುತ್ತಾನೆ.

ಕಂಪನಿಯ ಗೋಡೆಗೆ ಒತ್ತಿಕೊಂಡೇ ನಮ್ಮ ಸಾಲುಮನೆಗಳು. ಮನೆ ಎಂದರೆ ಒಂದು ಕೋಣೆ. ಇರುವ ಒಂದು ಕಿಟಕಿಯೂ ಹೊಗೆ ಕೊಳವೆಯ ಕಡೆಗೇ ತೆರೆದಿದೆ. ಮುಚ್ಚಿದರೆ ಉಸಿರು ಕಟ್ಟುತ್ತದೆ, ತೆರೆದರೆ ತಟ್ಟೆಯ ಮೇಲೆ ಬೂದಿ ಕೂರುತ್ತದೆ. ಆ ಕೋಣೆಯಲ್ಲಿ ನಾನು, ನನ್ನ ಗಂಡ, ಅತ್ತೆ ಮತ್ತು ನನ್ನ ಮಗಳು.

ಮಗಳನ್ನು ಸಾಲಿನವರೆಲ್ಲ ಚಿನಕುರಳಿ ಅನ್ನುತ್ತಿದ್ದರು. ಎರಡು ತುಂಬುವ ಮೊದಲೇ ಪಟಪಟ ಮಾತು. ಹಾದಿಯಲ್ಲಿ ಹೋಗುವವರನ್ನು ನಿಲ್ಲಿಸಿ, "ಏ ಮಾವ, ಎಲ್ಲಿಗೆ ಹೋತೀಯ, ನನ್ನೂ ಕಕ್ಕೊಂಡು ಹೋಗು," ಅನ್ನುವಳು. ಅಪ್ಪ ಬರುವ ಹೊತ್ತಿಗೆ ಬಾಗಿಲಲ್ಲೇ ಕೂತಿರುವಳು. ಬಂದವನೇ ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳುವುದು ಅವನ ಅಭ್ಯಾಸ. ಅವಳು ಅವನ ತಲೆ ತಬ್ಬಿ, ಕೂದಲಲ್ಲಿ ಮುಖ ಹುದುಗಿಸಿ, ಕಿವಿ ಚೀಪುವಳು.

ಸ್ನಾನ ಮಾಡಿ ಎತ್ತಿಕೊಳ್ಳಬಾರದಿತ್ತೇ ಅಂತ ಈಗ ಕೇಳುವವರು ಬಹಳ ಜನ. ಯಾವ ನೀರಲ್ಲಿ? ಇಡೀ ಸಾಲಿಗೆ ಒಂದು ನಲ್ಲಿ. ಬೆಳಿಗ್ಗೆ ಬಂದು ಬೆಳಿಗ್ಗೆಯೇ ನಿಂತುಹೋಗುತ್ತದೆ. ತುಂಬಿಟ್ಟಷ್ಟರಲ್ಲಿ ಅಡುಗೆ, ಪಾತ್ರೆ, ಬಟ್ಟೆ, ಮಗುವಿನ ಮೈ, ಮುದುಕಿಯ ಮೈ ಎಲ್ಲ ಆಗಬೇಕು. ಭಟ್ಟಿಯಿಂದ ಬಂದವನ ಪಾಲಿಗೆ ಉಳಿಯುವುದು ಕೈಕಾಲಿಗೆ ಒಂದು ಚೊಂಬು.

ಇನ್ನು ಕೌದಿಯ ವಿಷಯ. ಕಂಪನಿ ವರ್ಷಕ್ಕೊಮ್ಮೆ ಹೊಸ ಯೂನಿಫಾರ್ಮ್ ಕೊಡುತ್ತದೆ. ನೀಲಿ, ದಪ್ಪ ಬಟ್ಟೆ. ಹಳೆಯದನ್ನು ವಾಪಸ್ ಕೇಳುವುದಿಲ್ಲ. ಅಂಥ ಗಟ್ಟಿ ಬಟ್ಟೆ ನಮ್ಮಂಥವರಿಗೆ ಎಲ್ಲಿ ಸಿಗುತ್ತದೆ? ನಮ್ಮ ಸಾಲಿನಲ್ಲಿ ಯಾರು ಬಸುರಿಯಾದರೂ ಹಳೆಯ ಯೂನಿಫಾರ್ಮ್ ಹೊತ್ತು ನನ್ನ ಅತ್ತೆಯ ಹತ್ತಿರ ಬರುತ್ತಾರೆ. ಅತ್ತೆ ಹೊಲಿಗೆ ಬಿಚ್ಚಿ, ತುಂಡುಗಳನ್ನು ಒಂದರ ಮೇಲೊಂದು ಪದರ ಹಾಕಿ, ದಬ್ಬಣದಂಥ ಸೂಜಿಯಲ್ಲಿ ಸಾಲುಸಾಲಾಗಿ ಹೊಲಿದು ಕೌದಿ ಮಾಡಿಕೊಡುತ್ತಾಳೆ. ಕಣ್ಣು ಮಂಜು, ಆದರೂ ಹೊಲಿಗೆ ಗೆರೆ ಹೊಡೆದಷ್ಟು ನೇರ. ಈ ಸಾಲಿನ ಮಕ್ಕಳೆಲ್ಲ ಮಲಗಿದ್ದು ಅತ್ತೆಯ ಕೌದಿಯಲ್ಲೇ. ಸಿಮೆಂಟಿನ ನೆಲದ ಥಂಡಿ ಒಳಕ್ಕೆ ಇಳಿಯುವುದಿಲ್ಲ ಅಂತ ಎಲ್ಲರೂ ಹೊಗಳುವವರೇ.

ಮೊಮ್ಮಗಳ ಕೌದಿಗೆ ಅತ್ತೆ ಒಂದು ಜೇಬು ಹಾಗೇ ಉಳಿಸಿದ್ದಳು. ಮಗನ ಅಂಗಿಯ ಎದೆಯ ಜೇಬು, ಗುಂಡಿಯ ಸಮೇತ. "ಅವಳ ಸಂಪತ್ತು ಇಟ್ಕೊಳ್ಳೋಕೆ," ಅಂದಳು. ಚಿನಕುರಳಿ ಅದರಲ್ಲಿ ಎಲ್ಲ ತುಂಬುವಳು. ಕಲ್ಲು, ಬಳೆಯ ಚೂರು, ತಿಂದುಳಿದ ರೊಟ್ಟಿ ಚೂರು. ಬೆಳಿಗ್ಗೆ ಎದ್ದವಳು ಜೇಬಿಗೆ ಕೈ ಹಾಕಿ ಆ ರೊಟ್ಟಿಯನ್ನೇ ಹುಡುಕಿ ತಿನ್ನುವಳು. ನಿದ್ದೆ ಬರುವವರೆಗೆ ಜೇಬಿನ ಅಂಚು ಚೀಪುವಳು. ನಾವು ಕೂತು ನೋಡಿ ನಗುತ್ತಿದ್ದೆವು.

ಮೂರು ತುಂಬುವ ಹೊತ್ತಿಗೆ ಮಾತು ಕಮ್ಮಿಯಾಯಿತು. ಮೊದಲು ಉದ್ದ ಮಾತು ಹೋಯಿತು, ಆಮೇಲೆ ಗಿಡ್ಡ ಮಾತು. ಹೊಟ್ಟೆ ಹಿಡಿದುಕೊಂಡು ಅಳುವಳು. ಮುಖ ಬಿಳುಚಿತು. ಕರೆದರೆ ತಿರುಗುವಳು, ಆದರೆ ಯಾಕೆ ತಿರುಗಿದೆ ಅನ್ನುವುದೇ ಮರೆತವಳ ಹಾಗೆ ನೋಡುವಳು. ಹಾದಿಯಲ್ಲಿ ಹೋಗುವ ಮಾವಂದಿರೇ ನಿಂತು, "ಏನೇ ಚಿನಕುರಳಿ, ಕೋಪಾನಾ?" ಅಂತ ಕೇಳುವರು. ಅವಳು ನೆಲ ಕೆರೆಯುತ್ತ ಕೂತಿರುವಳು.

ಆಗಲೇ ಸೋಪಮ್ಮ ಬಂದಳು.

ಕಂಪನಿಯ ಕ್ಷೇಮಾಧಿಕಾರಿ ಮೇಡಂಗೆ ನಮ್ಮವರಿಟ್ಟ ಹೆಸರು ಅದು. 'ಒಳ್ಳೆಯ ಮನೆ, ಒಳ್ಳೆಯ ಮಗು' ಅನ್ನುವ ಕಾರ್ಯಕ್ರಮ ಅವಳದು. ಮನೆಮನೆಗೆ ಸೋಪು ಹಂಚುವುದು, ಕೈ ತೊಳೆಯುವುದು ಹೇಗೆಂದು ತೋರಿಸುವುದು. ನೀರಿಲ್ಲದ ಸಾಲಿನಲ್ಲಿ ಗಾಳಿಯಲ್ಲೇ ಕೈ ಉಜ್ಜಿ ತೋರಿಸಿದ್ದಳು ಪುಣ್ಯಾತ್ಗಿತ್ತಿ.

ನಮ್ಮ ಹೊಸ್ತಿಲಲ್ಲಿ ನಿಂತು ಮೊದಲು ಮೂಗು ಸೊಟ್ಟ ಮಾಡಿದಳು. ನನ್ನ ಮಗಳ ಕೈ ಹಿಡಿಯದೆ, ಪೆನ್ನಿನ ತುದಿಯಿಂದ ಬೆರಳು ಬಿಡಿಸಿ ಉಗುರು ನೋಡಿದಳು. ಕೊಡದ ಮುಚ್ಚಳ ತೆಗೆಸಿದಳು. ಪಾತ್ರೆಯ ತಳ ನೋಡಿದಳು. ನನ್ನ ಮನೆಯನ್ನು ನನ್ನ ಕಣ್ಣ ಮುಂದೆಯೇ ಕಳ್ಳರ ಮನೆ ಜಪ್ತಿ ಮಾಡಿದ ಹಾಗೆ ಮಾಡಿದಳು.

"ನೋಡಮ್ಮಾ, ಉಗುರಲ್ಲಿ ಎಷ್ಟು ಕೊಳೆ! ಮಗು ಬಾಯಿಗೆ ಕೈ ಹಾಕುತ್ತೆ, ಹೊಟ್ಟೆಗೆ ಹುಳ ಹೋಗುತ್ತೆ. ಇದೆಲ್ಲ ತಂದೆತಾಯಿ ಅಭ್ಯಾಸ. ನೀವು ಸರಿ ಇದ್ರೆ ಮಗು ಸರಿ ಇರುತ್ತೆ."

"ಮಾತು ನಿಂತೋಗಿದೆ ಮೇಡಂ. ಹುಳಕ್ಕೆ ಮಾತು ನಿಲ್ಲುತ್ತಾ?"

"ನೀವು ಮಗು ಜೊತೆ ಮಾತಾಡಬೇಕು. ದಿನಾ ಕೂರಿಸಿಕೊಂಡು ಕತೆ ಹೇಳಬೇಕು."

ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಸೋಪು ಕೊಟ್ಟು ಹೋದಳು.

ಮಗಳನ್ನು ಬೆನ್ನಿಗೆ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ವಯಸ್ಸಾದ ಹೆಂಗಸು, ಸಿಡುಕಿ. ಆದರೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರು. ಒಸಡು ನೋಡಿದರು. ರಕ್ತ ಎಳೆದರು. ಮತ್ತೆ ಕರೆಸಿ ಒಂದೊಂದೇ ಕೇಳಿದರು. ಅಪ್ಪ ಏನು ಕೆಲಸ, ಬಟ್ಟೆ ಎಲ್ಲಿ ಒಗೀತೀಯ, ಮಗು ಎಲ್ಲಿ ಮಲಗುತ್ತೆ, ಏನು ಹೊದೀತದೆ. ನಾನು ಕೌದಿಯ ವಿಷಯ ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡರು.

"ಮಗು ರಕ್ತದಲ್ಲಿ ಸೀಸ ಇದೆ ಕಣಮ್ಮ," ಅಂದರು. "ಅದು ಮೆದುಳಿಗೆ ಹತ್ತುತ್ತೆ. ಔಷಧಿ ಇದೆ, ದೊಡ್ಡಾಸ್ಪತ್ರೇಲಿ ಇಟ್ಕೊಂಡು ಕೊಡಬೇಕು. ಆದ್ರೆ ಔಷಧಿ ಕೊಟ್ಟು ಮತ್ತೆ ಅದೇ ಧೂಳಿಗೆ ಕಳಿಸಿದ್ರೆ ಏನು ಪ್ರಯೋಜನ? ಮೊದಲು ಧೂಳು ಮನೆಗೆ ಬರೋದು ನಿಲ್ಲಬೇಕು. ನಿನ್ನ ಗಂಡ ಅಲ್ಲೇ ಸ್ನಾನ ಮಾಡಿ, ಬಟ್ಟೆ ಅಲ್ಲೇ ಬಿಟ್ಟು ಬರಬೇಕು. ಕಂಪನಿಯವರೇ ಒಗೆಸಬೇಕು."

"ಹೋದ ಮಾತು ವಾಪಸ್ ಬರುತ್ತಾ ಡಾಕ್ಟ್ರೇ?"

ಅವರು ಸುಳ್ಳು ಹೇಳಲಿಲ್ಲ. "ಎಷ್ಟು ಬರುತ್ತೋ ಗೊತ್ತಿಲ್ಲ. ಇನ್ನು ಹೋಗದ ಹಾಗೆ ನೋಡ್ಕೋಬಹುದು. ಆ ಕೌದಿ ಸುಡಬೇಡ, ಒಗೀಬೇಡ. ಚೀಲದಲ್ಲಿ ಕಟ್ಟಿ ಎಲ್ಲಿಂದ ಬಂತೋ ಅಲ್ಲಿಗೇ ಕೊಡು."

ಮನೆಗೆ ಬಂದು ಹೇಳಿದಾಗ ಅತ್ತೆ ಸೂಜಿಯ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದಳು. ಪಕ್ಕದ ಮನೆಯ ಬಸುರಿಗೆ ಹೊಲಿಯುತ್ತಿದ್ದಳು. ಕೇಳುತ್ತ ಕೇಳುತ್ತ ಅವಳ ಕೈ ನಿಂತಿತು. "ನಾನು ಹೊಲಿದದ್ದಾ?" ಅಂದಳು. "ನನ್ನ ಕೈಯಾರೆ ಹೊಲಿದದ್ದಾ ಮಗಾ?" ಆಮೇಲೆ ಈ ಸಾಲಿನ ಒಂದೊಂದು ಮಗುವನ್ನೂ ನೆನೆಸಿಕೊಂಡಳು. ನಡೆಯಲು ತಡವಾದದ್ದು, ಶಾಲೆಯಲ್ಲಿ ದಡ್ಡ ಅನ್ನಿಸಿಕೊಂಡದ್ದು, ಸುಮ್ಮಸುಮ್ಮನೆ ಬಿದ್ದು ಒದ್ದಾಡಿದ್ದು. ಒಂದೊಂದಕ್ಕೂ ತಲೆ ಚಚ್ಚಿಕೊಂಡಳು. ಅವಳ ಕೈ ಹಿಡಿದು ನಿಲ್ಲಿಸಲು ನನಗೆ ಸಾಕಾಯಿತು.

ಕೌದಿಯನ್ನು ಚೀಲದಲ್ಲಿ ಕಟ್ಟಿ ಕಂಪನಿಯ ಉಗ್ರಾಣಕ್ಕೆ ಒಯ್ದೆ. ಉಗ್ರಾಣದವನು, "ಹಳೇ ಯೂನಿಫಾರ್ಮ್ ವಾಪಸ್ ತಗೊಳ್ಳೋ ಪದ್ಧತಿ ಇಲ್ಲ ತಾಯಿ," ಅಂದ.

"ಇದು ವಿಷ."

"ವಿಷ ಆದ್ರೆ ಇನ್ನೂ ತಗೊಳ್ಳಲ್ಲ."

ಅವತ್ತು ಸಂಜೆ ಮ್ಯಾನೇಜರ ಬೂಟು ಕೈಗೆ ಬಂತು. ಒರೆಸುವ ಬಟ್ಟೆ ಹಿಡಿದು ನಿಂತೇಬಿಟ್ಟೆ. ಬಟ್ಟೆಗೆ ಬೂದು ಬಣ್ಣ ಮೆತ್ತಿತ್ತು. ಕಾರಿನೊಳಗೆ ಅವರ ಪುಟ್ಟ ಮಗಳು ಕೂತಿದ್ದಳು, ಅಪ್ಪನನ್ನು ಕರೆದೊಯ್ಯಲು ಬಂದಿದ್ದಳು. ಡ್ರೈವರನ್ನು ಏನೇನೋ ಕೇಳುತ್ತ ಒಂದೇ ಸಮ ಮಾತಾಡುತ್ತಿದ್ದಳು. ದೊಡ್ಡಸ್ತಿಕೆಯಲ್ಲ ಅದು. ಅವರಿಗೆ ಮೊದಲಿಂದ ಗೊತ್ತಿತ್ತು. ತನ್ನ ಮಗಳ ಹತ್ತಿರ ಈ ಧೂಳು ಸುಳಿಯದ ಹಾಗೆ ನೋಡಿಕೊಳ್ಳುವ ಅಪ್ಪ, ನಮ್ಮ ಮಕ್ಕಳಿಗೆ ಸೋಪಮ್ಮನನ್ನು ಕಳಿಸಿದ್ದ.

ಮತ್ತು ಸ್ನಾನದ ಮನೆ ಇತ್ತು. ಕೆಲಸಗಾರರಿಗೆಂದೇ ಕಟ್ಟಿಸಿದ್ದು. ಬಿಸಿನೀರಿನ ಕೊಳವೆ, ಬಟ್ಟೆ ಇಡಲು ಗೂಡು, ಎಲ್ಲ. ಸರ್ಕಾರದವರು ತಪಾಸಣೆಗೆ ಬಂದಾಗ ಬಾಗಿಲು ತೆರೆಯುತ್ತದೆ. ಉಳಿದಂತೆ ಬೀಗ. ಆಗೀಗ ಒಳಗೆ ಗುಡಿಸುವವಳು ನಾನೇ, ಹಾಗಾಗಿ ಒಳಗೆ ಏನಿದೆ ಅಂತ ನನಗೆ ಗೊತ್ತು. ಸೋಪಿನ ಪೆಟ್ಟಿಗೆಗಳು. ನಮ್ಮ ಮನೆಗಳಿಗೆ ಹಂಚುವ ಸೋಪನ್ನು ನೆಲದಿಂದ ಸೂರಿನವರೆಗೆ ಆ ಸ್ನಾನದ ಮನೆಯಲ್ಲೇ ಪೇರಿಸಿದ್ದರು.

ನನ್ನ ಗಂಡ ಇನ್ನು ಕೆಲವರನ್ನು ಕಟ್ಟಿಕೊಂಡು ಹೋಗಿ, ಸ್ನಾನದ ಮನೆಯ ಬೀಗ ತೆಗೆಸಿಕೊಡಿ ಅಂತ ಕೇಳಿದ. ಮ್ಯಾನೇಜರು ಬಹಳ ಮೃದುವಾಗಿ ಮಾತಾಡಿದರಂತೆ. "ಮಾಡೋಣ, ಎಲ್ಲಾ ಮಾಡೋಣ. ಮೊದಲು ನಿಮ್ಮ ನಿಮ್ಮ ಮನೆ ಶುಚಿಯಾಗಿಟ್ಟುಕೊಳ್ಳಿ."

ಮರುದಿನ ಸೋಪಮ್ಮ ನನ್ನನ್ನು ಕೋಣೆಗೆ ಕರೆದು ಕೂರಿಸಿದಳು. ಕುರ್ಚಿಯ ಮೇಲೆ. ಕುರ್ಚಿ ಕೊಟ್ಟಾಗಲೇ ನನಗೆ ಅನುಮಾನ ಬಂತು. ನಮ್ಮ ಸೀಸ ಕೊಳ್ಳುವ ದೊಡ್ಡ ಮಂದಿ ಕಂಪನಿ ನೋಡಲು ಬರುತ್ತಾರಂತೆ. ಕೆಲಸಗಾರರ ಮಕ್ಕಳನ್ನು ಕಂಪನಿ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತದೆ ಅಂತ ಅವರಿಗೆ ತೋರಿಸಬೇಕಂತೆ. ಸಭೆಯಲ್ಲಿ ಒಬ್ಬ ತಾಯಿ ಮಾತಾಡಬೇಕು.

"ನೀನು ಚುರುಕಾಗಿದೀಯ. ನಿನ್ನ ಮಗುವನ್ನ ದೊಡ್ಡಾಸ್ಪತ್ರೆಗೆ ಕಂಪನಿಯೇ ಕಳಿಸುತ್ತೆ. ಪೂರ್ತಿ ಖರ್ಚು. ನಾನು ಮಾತಾಡಿದೀನಿ. ನೀನು ಇಷ್ಟು ಹೇಳಿದ್ರೆ ಸಾಕು." ಅಂದವಳೇ ಹೇಳಿಕೊಟ್ಟಳು. "ನಮ್ಮ ಮನೆ ಗಲೀಜಾಗಿತ್ತು. ನನ್ನ ಅಜ್ಞಾನದಿಂದ ನನ್ನ ಮಗು ಕಾಯಿಲೆ ಬಿತ್ತು. ಕಂಪನಿ ನನ್ನ ಕಣ್ಣು ತೆರೆಸಿತು. ಈಗ ನಮ್ಮ ಅಭ್ಯಾಸ ಬದಲಾಗಿದೆ." ನನ್ನಿಂದ ಹೇಳಿಸಿದಳು. ನಾನು ಹೇಳಿದೆ. ಇನ್ನೊಮ್ಮೆ ಅಂದಳು. ಇನ್ನೊಮ್ಮೆ ಹೇಳಿದೆ. "ಸ್ವಲ್ಪ ತಲೆ ತಗ್ಗಿಸಿ ಹೇಳು, ಚೆನ್ನಾಗಿರುತ್ತೆ," ಅಂದಳು.

ಮನೆಯಲ್ಲಿ ನನ್ನ ಗಂಡ, "ಹೇಳಿಬಿಡೇ," ಅಂದ. "ಬಾಯಿ ಮಾತು ತಾನೆ? ಮಗು ಆಸ್ಪತ್ರೆ ಸೇರಲಿ."

"ಸೇರಿ ವಾಪಸ್ ಎಲ್ಲಿಗೆ ಬರುತ್ತೆ? ಡಾಕ್ಟ್ರು ಏನಂದ್ರು? ನಾನು ತಪ್ಪು ನಮ್ಮದು ಅಂದ್ಬಿಟ್ರೆ ಆ ಬೀಗ ಇನ್ಯಾವತ್ತಾದ್ರೂ ತೆಗೀತಾರಾ?"

"ಹೇಳದೇ ಇದ್ರೆ ಅದೂ ಇಲ್ಲ, ಇದೂ ಇಲ್ಲ."

ಅವನು ಹೇಳಿದ್ದೂ ನಿಜವೇ. ಕೋಣೆಯ ಆ ಮೂಲೆಯಲ್ಲಿ ಅವನು ಕೂತಿದ್ದ, ಈ ಮೂಲೆಯಲ್ಲಿ ಮಗಳು. ಡಾಕ್ಟರಮ್ಮ ಹೇಳಿದ ದಿನದಿಂದ ಅವನು ಅವಳನ್ನು ಮುಟ್ಟಿರಲಿಲ್ಲ. ಸಂಜೆ ಬಂದರೆ ಗೋಡೆಗೆ ಆನಿಕೊಂಡು ಕೂತುಬಿಡುವನು. ಅವಳು ಎರಡೂ ಕೈ ಚಾಚಿ ಹತ್ತಿರ ಹೋಗುವಳು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವನು. ಅವಳು ಯಾಕೆ ಅಂತಲೂ ಕೇಳಲಾರಳು. ನಿಂತು ನಿಂತು ನೆಲಕ್ಕೆ ಕುಸಿಯುವಳು. ಅವನು ಗೋಡೆಯ ಕಡೆಗೆ ತಿರುಗಿ ಅಳುವುದನ್ನು ನಾನು ಕಂಡೂ ಕಾಣದ ಹಾಗೆ ಇರುತ್ತಿದ್ದೆ.

ಸಭೆಯ ದಿನ ಅತ್ತೆಯೂ ನನ್ನ ಜೊತೆ ಹೊರಟಳು. ನಾನು ಕೌದಿಯ ಚೀಲ ಎತ್ತಿಕೊಂಡೆ.

ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಮ್ಯಾನೇಜರು, ಬಿಳಿ ಬಟ್ಟೆ ಹಾಸಿದ ಮೇಜು, ಹೂವು. ಮುಂದಿನ ಸಾಲಿನಲ್ಲಿ ಕೊಳ್ಳುವ ಮಂದಿ. ಹಿಂದೆ ನಮ್ಮ ಹೆಂಗಸರು. ಗೋಡೆಗೆ ಒರಗಿ, ಕೆಲಸದ ಬಟ್ಟೆಯಲ್ಲೇ ಬಂದ ಗಂಡಸರು. ಮ್ಯಾನೇಜರ ಮಗಳೇ ಅತಿಥಿಗಳಿಗೆ ಹೂವು ಕೊಟ್ಟು ವೇದಿಕೆ ಹತ್ತಿದಳು. ಆಮೇಲೆ ಮೈಕಿನ ಮುಂದೆ ಒಂದು ಪದ್ಯ ಹೇಳಿದಳು. ಗಿಣಿಯಂಥ ಮಾತು. ನನ್ನ ಮಗಳಷ್ಟೇ ವಯಸ್ಸು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆ ಮಗುವಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವಳು ಬಾಯಿತುಂಬ ಮಾತಾಡಲಿ.

ನನ್ನನ್ನು ಕರೆದರು. ಚೀಲ ಹಿಡಿದೇ ಮೆಟ್ಟಿಲು ಹತ್ತಿದೆ. ಸೋಪಮ್ಮ ನನಗೆ ಸನ್ನೆ ಮಾಡಿದಳು. ತಲೆ ತಗ್ಗಿಸು ಅಂತ.

"ನಮ್ಮನೆ ಗಲೀಜು, ನಾನು ಅಜ್ಞಾನಿ ಅಂತ ಹೇಳೋಕೆ ನಂಗೆ ಕಲಿಸಿದ್ದಾರೆ," ಅಂದೆ. ಮೈಕಿನಲ್ಲಿ ನನ್ನ ದನಿಯೇ ನನಗೆ ಬೇರೆಯವರದು ಅನ್ನಿಸಿತು. "ಹೇಳಲ್ಲ. ನಮ್ಮನೆ ನೆಲ ದಿನಾ ಒರೆಸ್ತೀನಿ. ಈ ಕಂಪನಿ ನೆಲಾನೂ ನಾನೇ ಒರೆಸೋದು. ನನ್ನ ಮಗೀಗೆ ಹುಳ ಇಲ್ಲ. ಸೀಸ ಇದೆ. ಅದು ಎಲ್ಲಿಂದ ಬಂತು ಅಂತ ನಿಮಗೆ ತೋರಿಸ್ತೀನಿ."

ಚೀಲವನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ಗಂಟಿಗೆ ಕೈ ಹಾಕಿದೆ. ಕೌದಿಯ ಒಂದು ನೀಲಿ ಮೂಲೆ ಹೊರಗೆ ಬಂತು. ಅಷ್ಟೇ.

"ಏಯ್! ಬಿಚ್ಚಬೇಡ ಅದನ್ನ!" ಮ್ಯಾನೇಜರು ಕುರ್ಚಿ ಬೀಳಿಸಿಕೊಂಡು ಎದ್ದರು. ಮಗಳನ್ನು ಸೆಳೆದು ಎದೆಗೆ ಅವುಚಿಕೊಂಡು ಅವಳ ಮೂಗು ಬಾಯಿ ಅಂಗೈಯಿಂದ ಮುಚ್ಚಿದರು. "ಝಾಡಿಸಬೇಡ! ಇಲ್ಲಿ ಮಕ್ಕಳಿದ್ದಾರೆ!"

ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ಅವರ ಕೂಗು ಇಡೀ ಸಭೆಗೆ ಕೇಳಿಸಿತು. ಮುಂದಿನ ಸಾಲಿನವರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ನಾನು ಗಂಟು ಮತ್ತೆ ಬಿಗಿದೆ. ನನಗೆ ಝಾಡಿಸುವ ಮನಸ್ಸೇ ಇರಲಿಲ್ಲ.

"ಹಾಗಾದ್ರೆ ನಿಮಗೆ ಗೊತ್ತು ಸಾಹೇಬ್ರೇ," ಅಂದೆ.

ಸೋಪಮ್ಮ ಓಡಿಬಂದು ಮೈಕು ಕಿತ್ತುಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಅತ್ತೆ ಎದ್ದು ನಿಂತಳು. ಅವಳ ದನಿಗೆ ಮೈಕು ಬೇಡ.

"ಏ ಸಾಹೇಬ! ಆ ಹೊಲಿಗೆ ನಂದು. ಒಪ್ಕೋತೀನಿ. ಬಟ್ಟೆ ಯಾರದು? ನೀನೂ ಹೇಳು!"

ಅವಳ ಪಕ್ಕದ ಬಸುರಿ ಎದ್ದಳು. ಆಮೇಲೆ ಉಳಿದ ಹೆಂಗಸರು. ಗೋಡೆಗೆ ಒರಗಿದ್ದ ಗಂಡಸರು ಗೋಡೆ ಬಿಟ್ಟು ಮುಂದೆ ಬಂದರು. ಅತಿಥಿಗಳನ್ನು ಹಿಂಬಾಗಿಲಿಂದ ಕರೆದುಕೊಂಡು ಹೋದರು. ಚೀಲವನ್ನು ನಾನು ಆ ಬಿಳಿ ಮೇಜಿನ ಮೇಲೇ ಬಿಟ್ಟು ಇಳಿದೆ. ಅದು ಅವರದೇ ತಾನೆ.

ಅದೇ ಸಂಜೆ ಕೆಲಸ ಮುಗಿಸಿದ ಗಂಡಸರು ನೇರ ಮನೆಗೆ ಬರಲಿಲ್ಲ. ಸ್ನಾನದ ಮನೆಯ ಬೀಗ ಒಡೆದರು. ಸೋಪಿನ ಪೆಟ್ಟಿಗೆಗಳನ್ನು ಅಂಗಳಕ್ಕೆ ಎಸೆದರು. ಅದಾದ ಮೇಲೆ ಆದದ್ದೆಲ್ಲ ನೀವು ಊಹಿಸಿದ ಹಾಗೇ ಆಯಿತು. ನನ್ನನ್ನು ಕೆಲಸದಿಂದ ತೆಗೆದರು. ನನ್ನ ಗಂಡನ ಮೇಲೆ, ಇನ್ನು ಕೆಲವರ ಮೇಲೆ ಕೇಸು ಹಾಕಿದರು. ದೊಡ್ಡಾಸ್ಪತ್ರೆಯ ಮಾತನ್ನು ಕಂಪನಿ ಮತ್ತೆ ಎತ್ತಲಿಲ್ಲ. ಡಾಕ್ಟರಮ್ಮ ಅಲ್ಲಿ ಇಲ್ಲಿ ಫೋನು ಮಾಡಿ ಬೈದಾಡಿ ಒಂದು ಹಾಸಿಗೆಗೆ ಓಡಾಡುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ. ಆದರೆ ಆ ಬಾಗಿಲಿಗೆ ಮತ್ತೆ ಬೀಗ ಹಾಕಲು ಯಾರಿಗೂ ಧೈರ್ಯ ಬಂದಿಲ್ಲ. ಕೆಲಸದ ಬಟ್ಟೆಯನ್ನು ನಮ್ಮ ಸಾಲಿನ ಯಾವ ಹೆಂಗಸೂ ಹೊಸ್ತಿಲು ದಾಟಿಸುತ್ತಿಲ್ಲ. ಅತ್ತೆ ಸೂಜಿಯ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದಾಳೆ. ಆ ಬಸುರಿಯ ಮಗುವಿಗೆ ಏನು ಹೊದಿಸುವುದು ಅಂತ ಇನ್ನೂ ತೋಚಿಲ್ಲ.

ಆ ಸಂಜೆಯದ್ದು ಒಂದು ಹೇಳಬೇಕು. ನನ್ನ ಗಂಡ ಬಂದ. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ತಂದುಕೊಟ್ಟ ಶುಭ್ರ ಅಂಗಿ, ಮೈಯೆಲ್ಲ ಕಂಪನಿಯ ಸೋಪಿನ ವಾಸನೆ. ಉಜ್ಜಿ ಉಜ್ಜಿ ಕೆಂಪಾದ ಕೈಗಳನ್ನು ನನಗೆ ತೋರಿಸಿದ. ಹೊಸ ಮದುಮಗನ ಹಾಗೆ ನಾಚಿಕೊಂಡು ಮಗಳ ಮುಂದೆ ಕುಕ್ಕುರುಗಾಲಲ್ಲಿ ಕೂತ. "ಬಾರೇ ಚಿನಕುರಳಿ," ಅಂತ ಎರಡೂ ಕೈ ಚಾಚಿ ಎತ್ತಿಕೊಂಡ.

ಅವಳು ಅವನ ಕೂದಲಲ್ಲಿ ಮುಖ ಹುದುಗಿಸಿದಳು. ಮೂಸಿದಳು. ಕುತ್ತಿಗೆ ಮೂಸಿದಳು. ಎದೆಯ ಮೇಲೆ ಕೈಯಾಡಿಸಿ ಜೇಬು ಹುಡುಕಿದಳು. ಆಮೇಲೆ ಅವನ ಮುಖ ನೋಡಿ, ಯಾರೋ ಹೊರಗಿನವನು ಎತ್ತಿಕೊಂಡ ಹಾಗೆ ಕಿಟಾರನೆ ಕಿರುಚಿದಳು. ಕೈಕಾಲು ಬಡಿದಳು. ನನ್ನ ಕಡೆಗೆ ಬಾಗಿ ಕೈ ಚಾಚಿದಳು. ಹೊಗೆ, ಬೂದಿ, ಬೆವರು ಸೇರಿದ ಆ ವಾಸನೆಯೇ ಅವಳಿಗೆ ಅಪ್ಪ ಆಗಿತ್ತು. ತೊಳೆದ ಅಪ್ಪನನ್ನು ನನ್ನ ಮಗಳು ಹುಟ್ಟಿದಾಗಿನಿಂದ ಕಂಡೇ ಇರಲಿಲ್ಲ.

ಅವನು ಅವಳನ್ನು ಇಳಿಸಲು ಬಗ್ಗಿದ. ಅವನ ಬಾಯಿ ಸೊಟ್ಟಗಾಗಿತ್ತು.

"ಇಳಿಸಬೇಡ," ಅಂದೆ.

"ಅಳ್ತಾಳೆ ಕಣೇ."

"ಅಳಲಿ. ಬಿಡಬೇಡ, ಹಿಡ್ಕೊಂಡೇ ಇರು. ಅಭ್ಯಾಸ ಆಗುತ್ತೆ."